ಬೆಂಗಳೂರಿನ ಬ್ರೂಪಬ್‌ನಲ್ಲಿ ಗೋಲ್ಡನ್ ಏಲ್ ರುಚಿ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು 21 ವರ್ಷ ತುಂಬಿದವರಿಗೆ, ಅದರಲ್ಲೂ ಬಾಟಲಿ ಬಿಯರ್ ಮಾತ್ರ ಕುಡಿದು ಗೊತ್ತಿದ್ದು ಈಗ ಮೈಕ್ರೋಬ್ರೂವರಿಗಳ (ಅಲ್ಲೇ ಬಿಯರ್ ತಯಾರಿಸಿ ಕೊಡುವ ಪಬ್‌ಗಳ) ಕಡೆ ತಿರುಗಿರುವವರಿಗೆ.

ಗೋಲ್ಡನ್ ಏಲ್ ಅಂದರೆ ಯಾವ ಬಗೆಯ ಬಿಯರ್?

ತಿಳಿ ಹೊಂಬಣ್ಣದ, ಹಗುರವಾದ ಏಲ್, ಅಂದರೆ ತುಸು ಬೆಚ್ಚಗೆ ಹುದುಗಿಸಿದ ಬಿಯರ್. ಮೊದಲ ಗುಟುಕಿಗೆ ಹೊಸ ಬ್ರೆಡ್ಡಿನಂಥ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ರುಚಿ ಬರುತ್ತದೆ, ನಡುವೆ ಬಿಯರ್‌ಗೆ ಕಹಿ, ಘಮ ಕೊಡುವ ಹಾಪ್ಸ್ ಎಂಬ ಹೂವಿನಿಂದ ಹೂವು-ನಿಂಬೆಯ ಘಮ ಏಳುತ್ತದೆ, ಕೊನೆಗೆ ಸಿಹಿ ಉಳಿಯದೆ ಬಾಯಿ ಚೊಕ್ಕಟವಾಗುತ್ತದೆ. ಈ ಬಗೆ ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ರೂಪ ಪಡೆಯಿತು. ಲಾಗರ್ (ತಣ್ಣಗೆ, ನಿಧಾನವಾಗಿ ಹುದುಗಿಸಿದ ಬಿಯರ್) ಕಡೆ ಹೋಗುತ್ತಿದ್ದ ಗಿರಾಕಿಗಳನ್ನು ಏಲ್ ಕಡೆಗೆ ಮರಳಿ ತರಲು ಅಲ್ಲಿನ ಸಣ್ಣ ಬ್ರೂವರಿಗಳು ಮಾಡಿದ ಪ್ರಯತ್ನವಿದು. 1986ರಲ್ಲಿ ಬಂದ ಎಕ್ಸ್‌ಮೂರ್ ಗೋಲ್ಡ್, ಆ ದಶಕದ ಕೊನೆಯಲ್ಲಿ ಸಾಲಿಸ್‌ಬರಿಯ ಹಾಪ್ ಬ್ಯಾಕ್ ಬ್ರೂವರಿ ತಂದ ಸಮ್ಮರ್ ಲೈಟ್ನಿಂಗ್, ಇವೆರಡೂ ದಾರಿ ತೋರಿದ ಬಿಯರ್‌ಗಳು.

ಬಿಯರ್ ತೀರ್ಪುಗಾರರು ಬಳಸುವ ಬಿಜೆಸಿಪಿ ಮಾರ್ಗಸೂಚಿಯ 2021ರ ಆವೃತ್ತಿ ಬ್ರಿಟಿಷ್ ಗೋಲ್ಡನ್ ಏಲ್‌ಗೆ ಶೇ 3.8ರಿಂದ 5ರಷ್ಟು ಆಲ್ಕೊಹಾಲ್, 20ರಿಂದ 45 ಐಬಿಯು ಕಹಿ ಎಂದು ಹೇಳುತ್ತದೆ.

ಬ್ಲಾಂಡ್ ಏಲ್, ಕೋಲ್ಷ್, ಬೆಲ್ಜಿಯನ್ ಗೋಲ್ಡನ್ ಸ್ಟ್ರಾಂಗ್ ಎಲ್ಲವೂ ಒಂದೇನಾ?

ಬಣ್ಣ ಒಂದೇ, ಬಿಯರ್ ಬೇರೆ. ಅಮೆರಿಕದ ಬ್ಲಾಂಡ್ ಏಲ್ ಗೋಲ್ಡನ್ ಏಲ್‌ಗೆ ತೀರಾ ಹತ್ತಿರದ್ದು. ಆದರೆ ಕಹಿ ಕಡಿಮೆ, 15ರಿಂದ 28 ಐಬಿಯು, ಮಾಲ್ಟ್ ಸಿಹಿ ತುಸು ಹೆಚ್ಚು. ಬೆಂಗಳೂರಿನ ಅನೇಕ ಬೋರ್ಡುಗಳಲ್ಲಿ ಗೋಲ್ಡನ್ ಎಂದು ಬರೆದಿರುವುದು ನಿಜಕ್ಕೂ ಬ್ಲಾಂಡ್. ಅದರಲ್ಲಿ ತಪ್ಪೇನಿಲ್ಲ, ಬ್ರಿಟಿಷ್ ಬಗೆಯ ಗಟ್ಟಿ ಕಹಿಯನ್ನು ನಿರೀಕ್ಷಿಸಬೇಡಿ ಅಷ್ಟೆ. ಕೋಲ್ಷ್ ಜರ್ಮನಿಯ ಕಲೋನ್ ನಗರದ್ದು, ಏಲ್ ಯೀಸ್ಟ್‌ನಲ್ಲಿ ಹುದುಗಿಸಿ ಆಮೇಲೆ ಲಾಗರ್‌ನಂತೆ ತಣ್ಣಗೆ ಹಣ್ಣಾಗಲು ಬಿಡುವ ಬಿಯರ್. ಬೆಲ್ಜಿಯನ್ ಗೋಲ್ಡನ್ ಸ್ಟ್ರಾಂಗ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನೋಡಲು ಅಷ್ಟೇ ತಿಳಿ, ಆದರೆ ಆಲ್ಕೊಹಾಲ್ ಶೇ 7.5ಕ್ಕಿಂತ ಕೆಳಗಿರುವುದಿಲ್ಲ. ಡುವೆಲ್‌ನಲ್ಲಿ ಶೇ 8.5 ಇದೆ. ಬೋರ್ಡಿನಲ್ಲಿ ‘ಬೆಲ್ಜಿಯನ್’ ಎಂಬ ಮಾತು ಕಂಡರೆ ಶೇಕಡಾವಾರು ನೋಡಿಯೇ ಆರ್ಡರ್ ಮಾಡಿ.

ಅಂಗಡಿಯಲ್ಲಿ ಸಿಗುವ ಬಾಟಲಿ ಬಿಯರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಅಂಗಡಿಯ ಬಾಟಲಿಗಳಲ್ಲಿ ಬಹುಪಾಲು ಲಾಗರ್. ಲಾಗರ್ ಯೀಸ್ಟ್ 8ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ, ಹಣ್ಣಿನ ವಾಸನೆ ಬಿಡುವುದಿಲ್ಲ. ಏಲ್ ಯೀಸ್ಟ್ 18ರಿಂದ 20 ಡಿಗ್ರಿಯಲ್ಲಿ ಚುರುಕಾಗಿ ಹುದುಗಿಸುತ್ತದೆ, ಜೊತೆಗೆ ಎಸ್ಟರ್ ಎಂಬ ಹಣ್ಣಿನ ಘಮದ ಅಂಶಗಳನ್ನು ಬಿಡುತ್ತದೆ. ಗೋಲ್ಡನ್ ಏಲ್‌ನಲ್ಲಿ ಸಣ್ಣಗೆ ಮರಸೇಬಿನ ನೆನಪು ಬಂದರೆ ಅದು ಯೀಸ್ಟ್‌ನ ಕೊಡುಗೆ, ಯಾರೂ ಹಣ್ಣು ಹಾಕಿರುವುದಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ: ಬಾಟಲಿ ಬಿಯರನ್ನು ಸಾಮಾನ್ಯವಾಗಿ ಸೋಸಿ, ಪಾಶ್ಚರೀಕರಿಸಿ ತಿಂಗಳುಗಟ್ಟಲೆ ಇಡಬಹುದು. ಬ್ರೂಪಬ್‌ನ ಬಿಯರ್ ಸಾಮಾನ್ಯವಾಗಿ ಪಾಶ್ಚರೀಕರಿಸದೆ ಟ್ಯಾಂಕಿನಿಂದ ನೇರ ಟ್ಯಾಪಿಗೆ ಬರುತ್ತದೆ. ತಾಜಾತನವೇ ಅದರ ಬಲ. ಕೆಡುವುದೂ ಅಷ್ಟೇ ಬೇಗ.

ಬೆಂಗಳೂರಿನಲ್ಲಿ ಇದೆಲ್ಲ ಯಾವಾಗ ಶುರುವಾಯಿತು?

ಬಿಯರ್ ಈ ಊರಿಗೆ ಹಳೆಯದು. ಯುನೈಟೆಡ್ ಬ್ರೂವರೀಸ್ ಕಂಪನಿ 1915ರಷ್ಟು ಹಿಂದಿನದು. ಆದರೆ ಗಿರಾಕಿಯ ಕಣ್ಣೆದುರೇ ತಯಾರಿಸಿ ಅಲ್ಲೇ ಸುರಿಯುವ ಪದ್ಧತಿ ಬಂದದ್ದು 2010ರಿಂದೀಚೆಗೆ. ಆ ವರ್ಷ ಇಂದಿರಾನಗರದಲ್ಲಿ ಟಾಯಿಟ್, 2011ರಲ್ಲಿ ದಿ ಬಿಯರ್ ಕ್ಲಬ್, 2012ರಲ್ಲಿ ಆರ್ಬರ್ ಬ್ರೂಯಿಂಗ್ ಕಂಪನಿ ಮತ್ತು ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ತೆರೆದವು. ಪುಣೆಯ ಡೂಲಾಲಿ 2009ರಲ್ಲೇ ಬಂದಿತ್ತು. ಆಮೇಲೆ ಬೆಂಗಳೂರು ಬೆಳೆದ ವೇಗ ಎಲ್ಲರಿಗೂ ಗೊತ್ತು.

ಹೊಸ ಬ್ರೂವರಿಗೆ ಹೋದಾಗ ಗೋಲ್ಡನ್ ಏಲ್‌ನಿಂದಲೇ ಶುರು ಮಾಡಿ ಅನ್ನುತ್ತೀರಲ್ಲ, ಯಾಕೆ?

ಅದರಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ. ಸ್ಟೌಟ್‌ನಲ್ಲಿ ಹುರಿದ ಮಾಲ್ಟ್ ಇರುತ್ತದೆ, ಐಪಿಎಯಲ್ಲಿ ಹಾಪ್ಸ್‌ನ ಅಬ್ಬರ ಇರುತ್ತದೆ, ವಿಟ್‌ಬಿಯರ್‌ನಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ. ಅವುಗಳ ಹಿಂದೆ ಸಣ್ಣಪುಟ್ಟ ದೋಷ ಅಡಗಿಬಿಡುತ್ತದೆ. ಗೋಲ್ಡನ್ ಏಲ್‌ನ ಪಾಕ ಸರಳ: ಶೇ 90ರ ಆಸುಪಾಸು ಪಿಲ್ಸ್‌ನರ್ ಅಥವಾ ಪೇಲ್ ಏಲ್ ಮಾಲ್ಟ್, ನೊರೆಗೆಂದು ಸ್ವಲ್ಪ ಗೋಧಿ ಮಾಲ್ಟ್, ಒಂದೆರಡು ಬಗೆಯ ಹಾಪ್ಸ್, ಸೌಮ್ಯವಾದ ಯೀಸ್ಟ್. ನೀರು ಸರಿಯಿಲ್ಲದಿದ್ದರೆ, ಹುದುಗುವಾಗ ಉಷ್ಣ ಏರಿದ್ದರೆ, ಪೈಪು ತೊಳೆದಿಲ್ಲದಿದ್ದರೆ ಇದರಲ್ಲಿ ನೇರವಾಗಿ ಗೊತ್ತಾಗುತ್ತದೆ. ಒಂದು ಬ್ರೂವರಿಯ ಗೋಲ್ಡನ್ ಏಲ್ ನಾಲ್ಕು ಸಲವೂ ಒಂದೇ ರೀತಿ ಚೊಕ್ಕಟವಾಗಿದ್ದರೆ ಅಲ್ಲಿನ ಮಿಕ್ಕ ಬಿಯರ್‌ಗಳನ್ನೂ ಧೈರ್ಯವಾಗಿ ಕೇಳಬಹುದು.

ಸ್ಯಾಂಪ್ಲರ್ ಟ್ರೇ (ಹಲವು ಬಿಯರ್‌ಗಳ ಚಿಕ್ಕ ಗ್ಲಾಸುಗಳು) ಬಂದರೆ ಯಾವ ಕ್ರಮದಲ್ಲಿ ಕುಡಿಯಬೇಕು?

ಹಗುರದಿಂದ ಭಾರಕ್ಕೆ: ಗೋಲ್ಡನ್ ಏಲ್, ಆಮೇಲೆ ವಿಟ್ ಮತ್ತು ಹೆಫೆವೈಜನ್, ಆಮೇಲೆ ಆಂಬರ್ ಅಥವಾ ರೆಡ್, ಐಪಿಎ, ಕೊನೆಗೆ ಸ್ಟೌಟ್. ಐಪಿಎ ಮೊದಲೇ ಕುಡಿದರೆ ಆ ಕಹಿ ನಾಲಗೆಯ ಮೇಲೆ ಕೂತು, ಗೋಲ್ಡನ್ ಏಲ್ ನೀರಿನಂತೆ ಅನಿಸುತ್ತದೆ. ಹೊಸಬರು ‘ಇದರಲ್ಲಿ ರುಚಿಯೇ ಇಲ್ಲ’ ಎಂದು ತೀರ್ಪು ಕೊಡುವುದು ಬಹುತೇಕ ಹೀಗೆಯೇ. ನಾಲ್ಕಕ್ಕಿಂತ ಹೆಚ್ಚು ಬಗೆ ಒಟ್ಟಿಗೆ ಬೇಡ. ನಡುನಡುವೆ ಸಾದಾ ನೀರು, ಬೇಕಿದ್ದರೆ ಖಾರ-ಉಪ್ಪು ಹಾಕದ ಮಂಡಕ್ಕಿ. ಮಸಾಲೆ ಕಡಲೆಬೀಜ ರುಚಿ ನೋಡಿ ಮುಗಿದ ಮೇಲೆ.

ಗ್ಲಾಸಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?

ಖಂಡಿತ ಬೇಕು. ‘ಬಿಯರ್ ಸಪ್ಪೆಯಾಗಿದೆ, ನೊರೆ ನಿಲ್ಲುವುದಿಲ್ಲ’ ಎಂಬ ದೂರುಗಳಲ್ಲಿ ಅದೆಷ್ಟೋ ಗ್ಲಾಸಿನ ತಪ್ಪು. ಎಣ್ಣೆ ಜಿಡ್ಡು, ಲಿಪ್‌ಸ್ಟಿಕ್, ಸರಿಯಾಗಿ ತೊಳೆದುಹೋಗದ ಸೋಪು, ಒರೆಸಿದ ಬಟ್ಟೆಯ ನಾರು, ಯಾವುದಿದ್ದರೂ ನೊರೆಗೆ ಪೆಟ್ಟು.

ಕುಡಿಯುತ್ತಲೇ ಪರೀಕ್ಷಿಸಬಹುದು. ಗ್ಲಾಸಿನ ಒಳಗೋಡೆಗೆ ಗಾಳಿಗುಳ್ಳೆಗಳು ಅಂಟಿಕೊಂಡಿದ್ದರೆ ಆ ಜಾಗದಲ್ಲಿ ಕೊಳೆಯಿದೆ. ಚೊಕ್ಕ ಗ್ಲಾಸಿನಲ್ಲಿ ಗುಳ್ಳೆಗಳು ಅಂಟದೆ ಮೇಲೇರುತ್ತವೆ, ಪ್ರತಿ ಗುಟುಕಿನ ನಂತರ ನೊರೆ ಒಂದೊಂದು ಬಳೆಯಂತೆ ಗೋಡೆಯ ಮೇಲೆ ಉಳಿಯುತ್ತದೆ. ಮನೆಯಲ್ಲಾದರೆ ತೊಳೆದ ಗ್ಲಾಸನ್ನು ನೀರಿನಲ್ಲಿ ಅದ್ದಿ ತಲೆಕೆಳಗು ಮಾಡಿ ನೋಡಿ. ನೀರು ಒಂದೇ ಪದರವಾಗಿ ಜಾರಿದರೆ ಸರಿ. ಅಲ್ಲಲ್ಲಿ ಹನಿಯಾಗಿ ನಿಂತರೆ ಇನ್ನೊಮ್ಮೆ ತೊಳೆಯಿರಿ. ಮೊಸರು, ತುಪ್ಪ ತಾಗಿದ ಪಾತ್ರೆಗಳ ಜೊತೆ ಒಂದೇ ಸ್ಪಂಜಿನಲ್ಲಿ ಬಿಯರ್ ಗ್ಲಾಸು ತೊಳೆಯಬೇಡಿ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸದೆ ಜಾಲರಿಯ ಮೇಲೆ ಬೋರಲು ಹಾಕಿ ಒಣಗಿಸಿ.

ಫ್ರೀಜರಿನಲ್ಲಿಟ್ಟ, ಹಿಮ ಕಟ್ಟಿದ ಮಗ್ ಕೊಟ್ಟರೆ ಬೇಡವೆಂದು ಹೇಳಿ, ಸಾಮಾನ್ಯ ಗ್ಲಾಸ್ ಕೇಳಿ. ಹಿಮ ಕರಗಿ ಬಿಯರ್‌ಗೆ ನೀರು ಸೇರುತ್ತದೆ, ಘಮ ಮುಚ್ಚಿಹೋಗುತ್ತದೆ.

ಎಷ್ಟು ತಣ್ಣಗಿರಬೇಕು?

ಟ್ಯಾಪಿನಿಂದ 4 ಡಿಗ್ರಿ ಸುಮಾರಿಗೆ ಬರುತ್ತದೆ. ರುಚಿ ನೋಡಲು 7ರಿಂದ 10 ಡಿಗ್ರಿ ಒಳ್ಳೆಯದು. ಬೆಂಗಳೂರಿನ ಸಂಜೆಯಲ್ಲಿ ಗ್ಲಾಸು ಅಂಗೈಯಲ್ಲಿ ಹಿಡಿದು ಕೆಲವು ನಿಮಿಷ ಕಾಯುವುದಷ್ಟೇ ಕೆಲಸ. ಮೊದಲ ಗುಟುಕನ್ನು ತಣ್ಣಗಿದ್ದಾಗ, ಎರಡನೆಯದನ್ನು ಐದು ನಿಮಿಷದ ಮೇಲೆ, ಮೂರನೆಯದನ್ನು ಗ್ಲಾಸಿನ ಹೊರಗಿನ ಬೆವರು ಕಡಿಮೆಯಾದ ಮೇಲೆ ಕುಡಿದು ನೋಡಿ. ಒಳ್ಳೆಯ ಗೋಲ್ಡನ್ ಏಲ್ ಬೆಚ್ಚಗಾದಂತೆ ಬಿಚ್ಚಿಕೊಳ್ಳುತ್ತದೆ. ದೋಷವಿರುವುದು ಬೆಚ್ಚಗಾದಂತೆ ತನ್ನ ದೋಷ ತೋರಿಸುತ್ತದೆ.

ಸರಿ, ರುಚಿ ನೋಡುವ ಕ್ರಮ ಹೇಳಿ.

ಮೊದಲು ನೀವು ಕೂತ ಜಾಗ. ಅಡುಗೆಮನೆಯ ಒಗ್ಗರಣೆ ಬರುವ ಕಡೆ, ಸಿಗರೇಟಿನ ಮೂಲೆ, ಅಗರಬತ್ತಿ ಹಚ್ಚಿದ ಕೌಂಟರ್ ಪಕ್ಕ ಬೇಡ. ಗಾಢ ಅತ್ತರು ಹಾಕಿಕೊಂಡು ಬಂದರೆ ನಿಮ್ಮ ಜೊತೆಗಿರುವವರಿಗೂ ತೊಂದರೆ. ಏಲಕ್ಕಿ, ಪಾನ್, ಕಾಫಿ ಆಗಿ ಅರ್ಧ ಗಂಟೆಯಾದರೂ ಕಳೆದಿರಲಿ.

ಕಣ್ಣಿಗೆ: ಗ್ಲಾಸನ್ನು ಬಿಳಿ ಟಿಶ್ಯೂ ಕಾಗದದ ಮುಂದೆ ಹಿಡಿಯಿರಿ. ಪಬ್ಬಿನ ಹಳದಿ ದೀಪದಲ್ಲಿ ಎಲ್ಲ ಬಿಯರೂ ಚಿನ್ನವೇ. ಬಣ್ಣ ಹುಲ್ಲಿನ ಹಳದಿಯಿಂದ ಹೊನ್ನಿನ ನಡುವೆ ಇರಬೇಕು. ತಾಮ್ರದ ಕಡೆಗೆ ತಿರುಗಿದ್ದರೆ ಪಾಕ ಬೇರೆ ಇರಬಹುದು, ಹಳಸಿರಲೂಬಹುದು. ನೊರೆ ಬೆಳ್ಳಗೆ, ಎರಡು ಬೆರಳಿನಷ್ಟು.

ಮೂಗಿಗೆ: ನೊರೆ ಇಳಿಯುವ ಮೊದಲೇ ಮೂಸಬೇಕು, ಏಕೆಂದರೆ ಹಾಪ್ಸ್‌ನ ಹಗುರ ಘಮ ಮೊದಲ ನಿಮಿಷಗಳಲ್ಲೇ ಹಾರಿಹೋಗುತ್ತದೆ. ಒಂದೇ ಉಸಿರಿಗೆ ಎಳೆಯಬೇಡಿ. ಎರಡು ಮೂರು ಚಿಕ್ಕ ಉಸಿರು, ವಿರಾಮ, ಮತ್ತೆ ಎರಡು. ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ ನಿಧಾನ ತಿರುಗಿಸಿ ಕೈ ತೆಗೆದರೆ ಘಮ ಒಟ್ಟಾಗಿ ಸಿಗುತ್ತದೆ. ಇಂಗ್ಲಿಷ್ ಗೋಲ್ಡಿಂಗ್ಸ್ ಹಾಪ್ಸ್ ಹಾಕಿದ್ದರೆ ಹೂವು, ಮಣ್ಣು, ಜೇನಿನ ಕಡೆಯ ವಾಸನೆ. ಕ್ಯಾಸ್ಕೇಡ್ ಆದರೆ ಚಕ್ಕೋತನ ಸಿಪ್ಪೆ. ಸಿಟ್ರಾ ಆದರೆ ನಿಂಬೆ, ಮಾವು, ಸೀಬೆ.

ಬಾಯಿಗೆ: ದೊಡ್ಡ ಗುಟುಕು ತೆಗೆದುಕೊಳ್ಳಿ, ಬಾಯಿ ತುಂಬ ಹರಡಿ, ನುಂಗಿ. ಬಿಯರ್‌ನಲ್ಲಿ ನುಂಗುವುದು ಅಗತ್ಯ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟರೆ ಗಂಟಲ ಹಿಂದಿನಿಂದ ಏರುವ ವಾಸನೆ ಸಿಗುತ್ತದೆ, ಅರ್ಧ ರುಚಿ ಅಲ್ಲೇ ಇರುವುದು. ಮೂರು ಪ್ರಶ್ನೆ ಕೇಳಿಕೊಳ್ಳಿ. ಸಿಹಿ ಎಲ್ಲಿ ನಿಂತಿತು? ಕಹಿ ಎಷ್ಟು ಹೊತ್ತು ಉಳಿಯಿತು? ಅದು ಕಹಿಯೋ ಒಗರೋ? ಹಾಪ್ಸ್‌ನ ಕಹಿ ನಾಲಗೆಯ ಹಿಂಭಾಗದಲ್ಲಿ ಬಂದು ಕರಗಿಹೋಗುತ್ತದೆ. ಎಳೆ ಅಡಿಕೆ ಜಗಿದಾಗ ಕೆನ್ನೆಯ ಒಳಗೆ ಹಿಡಿದುಕೊಳ್ಳುವಂಥದ್ದು ಒಗರು. ಕಾಳಿನ ಹೊಟ್ಟಿನಿಂದ ಟ್ಯಾನಿನ್ ಇಳಿದಾಗ ಬರುತ್ತದೆ. ಮ್ಯಾಶ್ (ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸುವ ಹಂತ) ಆದ ಮೇಲೆ ಕಾಳನ್ನು ಅತಿ ಬಿಸಿ ನೀರಿನಲ್ಲಿ ಅಥವಾ ಅತಿಯಾಗಿ ತೊಳೆದಿದ್ದಾರೆ ಎಂದರ್ಥ.

ಬೋರ್ಡಿನ ಮೇಲಿನ ಸಂಖ್ಯೆಗಳಿಂದ ಏನು ತಿಳಿಯುತ್ತದೆ?

ಎಬಿವಿ ಎಂದರೆ ಗಾತ್ರದ ಲೆಕ್ಕದಲ್ಲಿ ಆಲ್ಕೊಹಾಲ್ ಶೇಕಡಾವಾರು. ಐಬಿಯು ಕಹಿಯ ಅಳತೆ. ಆದರೆ ಅದೊಂದನ್ನೇ ನಂಬಬೇಡಿ. ಸಿಹಿ ಉಳಿದಿರುವ ಬಿಯರ್‌ನಲ್ಲಿ 25 ಐಬಿಯು ಮೆತ್ತಗೆ ಅನಿಸುತ್ತದೆ, ಪೂರ್ತಿ ಹುದುಗಿ ಒಣಗಿದ ಬಿಯರ್‌ನಲ್ಲಿ ಅದೇ 25 ಚುರುಕಾಗುತ್ತದೆ. ಕೆಲವರು ಓಜಿ, ಎಫ್‌ಜಿ ಕೂಡ ಬರೆಯುತ್ತಾರೆ. ಹುದುಗುವ ಮೊದಲಿನ ಮತ್ತು ನಂತರದ ಸಾಂದ್ರತೆ ಅವು. 1.046ರಿಂದ 1.009ಕ್ಕೆ ಇಳಿದಿದ್ದರೆ ವ್ಯತ್ಯಾಸ 0.037. ಅದನ್ನು 131.25ರಿಂದ ಗುಣಿಸಿದರೆ ಸುಮಾರು ಶೇ 4.9 ಆಲ್ಕೊಹಾಲ್. ಎಫ್‌ಜಿ 1.014 ಇದ್ದರೆ ಬಾಯಲ್ಲಿ ಸಿಹಿ ಉಳಿಯುತ್ತದೆ, ಎರಡನೇ ಗ್ಲಾಸು ಕುಡಿಯಲು ಮನಸ್ಸಾಗುವುದಿಲ್ಲ.

ಬಿಯರ್ ಮಬ್ಬಾಗಿದ್ದರೆ ಕೆಟ್ಟಿದೆಯೇ?

ಸಾಮಾನ್ಯವಾಗಿ ಇಲ್ಲ. ಸೋಸದ ಬಿಯರ್ ತಣ್ಣಗಾದಾಗ ಪ್ರೋಟೀನ್ ಮತ್ತು ಪಾಲಿಫಿನಾಲ್ ಕೂಡಿ ತೆಳು ಮಬ್ಬು ಕಟ್ಟುತ್ತದೆ. ಗ್ಲಾಸು ಬೆಚ್ಚಗಾದಂತೆ ಅದು ತಿಳಿಯಾದರೆ ಚಿಂತೆ ಬೇಡ. ಬೆಚ್ಚಗಾದರೂ ತಿಳಿಯಾಗದೆ, ಹಸಿ ಬ್ರೆಡ್ ಹಿಟ್ಟಿನ ವಾಸನೆ ಬಂದರೆ ಯೀಸ್ಟ್ ಇನ್ನೂ ತಳ ಸೇರಿಲ್ಲ. ಅವಸರದಲ್ಲಿ ಟ್ಯಾಪಿಗೆ ಹಾಕಿದ್ದಾರೆ, ಅಥವಾ ಟ್ಯಾಂಕಿನ ಕೊನೆಯ ಭಾಗ ನಿಮಗೆ ಬಂದಿದೆ. ಮಬ್ಬಿನ ಜೊತೆ ಹುಳಿ ಇದ್ದರೆ ಸೋಂಕು. ಅದನ್ನು ಕುಡಿಯುವ ಅಗತ್ಯವಿಲ್ಲ, ವಾಪಸ್ ಕೊಡಿ.

ದೋಷಗಳನ್ನು ಹೇಗೆ ಗುರುತಿಸುವುದು? ಯಾವುದು ಯಾಕೆ ಬರುತ್ತದೆ?

ಬೆಣ್ಣೆ, ಪಾಪ್‌ಕಾರ್ನ್: ಡೈಅಸಿಟೈಲ್. ಹುದುಗುವಾಗ ಯೀಸ್ಟ್ ಇದನ್ನು ಹುಟ್ಟಿಸಿ ಕೊನೆಗೆ ತಾನೇ ತಿಂದು ಮುಗಿಸುತ್ತದೆ. ಹುದುಗುವಿಕೆ ಮುಗಿಯುವ ಹೊತ್ತಿಗೆ ಎರಡು ಮೂರು ದಿನ 20 ಡಿಗ್ರಿಯಲ್ಲಿ ಬಿಡದೆ ಬೇಗ ತಣ್ಣಗೆ ಮಾಡಿದರೆ ಉಳಿದುಬಿಡುತ್ತದೆ. ವಾರಾಂತ್ಯಕ್ಕೆ ಬಿಯರ್ ಬೇಕೆಂದು ಟ್ಯಾಂಕ್ ಖಾಲಿ ಮಾಡುವ ಒತ್ತಡ ಇದ್ದಲ್ಲಿ ಇದು ಜಾಸ್ತಿ. ಪೈಪಿನಲ್ಲಿ ಬೆಳೆದ ಬ್ಯಾಕ್ಟೀರಿಯಾದಿಂದಲೂ ಬರುತ್ತದೆ. ಕೆಲವರ ಮೂಗಿಗೆ ಇದು ಸಿಗುವುದೇ ಇಲ್ಲ. ಅಂಥವರು ನಾಲಗೆಯ ಮೇಲೆ ಜಾರುವಂಥ ಜಿಡ್ಡಿನ ಅನುಭವ ಇದೆಯೇ ನೋಡಬೇಕು.

ಹಸಿ ಹಸಿರು ಸೇಬು: ಅಸಿಟಾಲ್ಡಿಹೈಡ್. ಎಳೆಯ ಬಿಯರ್‌ನ ಗುರುತು. ಇನ್ನೂ ಕೆಲವು ದಿನ ಟ್ಯಾಂಕಿನಲ್ಲಿದ್ದರೆ ಸರಿಹೋಗುತ್ತಿತ್ತು.

ಬೇಯಿಸಿದ ಮುಸುಕಿನ ಜೋಳ: ಡಿಎಂಎಸ್. ಪಿಲ್ಸ್‌ನರ್ ಮಾಲ್ಟ್‌ನಲ್ಲಿರುವ ಒಂದು ಅಂಶ ಕುದಿಯುವಾಗ ಡಿಎಂಎಸ್ ಆಗಿ ಮಾರ್ಪಟ್ಟು ಹಬೆಯ ಜೊತೆ ಹೋಗಬೇಕು. ಕುದಿತ ಸಾಲದಿದ್ದರೆ, ಕುದಿಸಿದ್ದನ್ನು ತಣಿಸಲು ತಡಮಾಡಿದರೆ ಬಿಯರ್‌ನಲ್ಲೇ ಉಳಿಯುತ್ತದೆ.

ಟಿಂಚರ್, ಗಾಯಕ್ಕೆ ಹಚ್ಚುವ ಪ್ಲಾಸ್ಟರ್: ಕ್ಲೋರೋಫಿನಾಲ್. ಕ್ಲೋರಿನ್ ಇರುವ ನೀರಿನಿಂದ, ಅಥವಾ ಕ್ಲೋರಿನ್ ಇರುವ ಶುಚಿದ್ರವವನ್ನು ಸರಿಯಾಗಿ ತೊಳೆಯದೆ ಬಿಟ್ಟದ್ದರಿಂದ. ಅತಿ ಸಣ್ಣ ಪ್ರಮಾಣದಲ್ಲೂ ಮೂಗಿಗೆ ಹೊಡೆಯುತ್ತದೆ, ಟ್ಯಾಂಕಿನಲ್ಲಿ ಇಟ್ಟರೂ ಹೋಗುವುದಿಲ್ಲ.

ಒದ್ದೆ ರಟ್ಟು, ಹಳೆಯ ಜೇನು: ಆಮ್ಲಜನಕ ಸೇರಿ ಹಳಸಿದೆ. ಹಾಪ್ಸ್ ಘಮ ಮೊದಲು ಸಾಯುತ್ತದೆ, ಆಮೇಲೆ ಈ ವಾಸನೆ ಬರುತ್ತದೆ.

ಕೆಟ್ಟ ರಬ್ಬರ್, ಕಾಡುಬೆಕ್ಕಿನಂಥ ಕಮಟು: ಬೆಳಕಿನ ಪೆಟ್ಟು. ಹಾಪ್ಸ್‌ನ ಕಹಿ ಅಂಶ ಬಿಸಿಲಿನಲ್ಲಿ ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ. ಬೆಂಗಳೂರಿನ ತಾರಸಿ ಪಬ್ಬುಗಳಲ್ಲಿ ಮಧ್ಯಾಹ್ನ ಕೂತವರು ಗಮನಿಸಬೇಕು. ನೇರ ಬಿಸಿಲಿಗೆ ಇಟ್ಟ ಗ್ಲಾಸಿನಲ್ಲಿ ಕೆಲವೇ ನಿಮಿಷಕ್ಕೆ ಈ ವಾಸನೆ ಬರುತ್ತದೆ, ಆಗ ಬ್ರೂವರನ್ನು ದೂರಬೇಡಿ. ಗ್ಲಾಸನ್ನು ನೆರಳಿಗೆ ಸರಿಸಿ.

ಲವಂಗ, ಬಾಳೆಹಣ್ಣು: ಹೆಫೆವೈಜನ್‌ನಲ್ಲಿ ಇದೇ ಸೊಗಸು, ಗೋಲ್ಡನ್ ಏಲ್‌ನಲ್ಲಿ ತಪ್ಪು. ಗೋಧಿ ಬಿಯರ್‌ನ ಯೀಸ್ಟ್ ಬೆರೆತಿದೆ, ಅಥವಾ ಹುದುಗುವಾಗ ಉಷ್ಣ ಏರಿದೆ.

ವಿನಿಗರ್ ಹುಳಿ: ಟ್ಯಾಪಿನ ಮೂತಿ ತೊಳೆದಿಲ್ಲ, ಹಣ್ಣುನೊಣ ಕೂತಿದೆ. ಬಿಯರ್ ಸಾಗುವ ಪೈಪುಗಳನ್ನು ಕನಿಷ್ಠ 14 ದಿನಕ್ಕೊಮ್ಮೆ ಕಾಸ್ಟಿಕ್ ದ್ರಾವಣದಲ್ಲಿ ತೊಳೆಯಬೇಕು, ಟ್ಯಾಪನ್ನು ಬಿಚ್ಚಿ ಉಜ್ಜಬೇಕು.

ಬೆಂಗಳೂರಿನ ನೀರು, ಎತ್ತರ ಇವುಗಳಿಂದ ರುಚಿಗೆ ಏನಾದರೂ ಆಗುತ್ತದೆಯೇ?

ಆಗುತ್ತದೆ. ಇಲ್ಲಿನ ಬ್ರೂವರ್‌ಗಳ ಶ್ರಮ ಹೆಚ್ಚು ಕಾಣುವುದೂ ಇಲ್ಲೇ.

ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬರುತ್ತದೆ, ಕ್ಲೋರಿನ್ ಹಾಕಿಯೇ ಬರುತ್ತದೆ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನ ಗಡಸುತನ ಬಡಾವಣೆಯಿಂದ ಬಡಾವಣೆಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಆದ್ದರಿಂದ ಕಾರ್ಬನ್ ಫಿಲ್ಟರ್, ಆರ್‌ಓ ದಾಟಿಸಿ ನೀರನ್ನು ಬರಿದು ಮಾಡಿ, ಬೇಕಾದ ಲವಣಗಳನ್ನು ಲೆಕ್ಕ ಹಾಕಿ ಮತ್ತೆ ಸೇರಿಸುವುದು ಸುರಕ್ಷಿತ ದಾರಿ. ಜಿಪ್ಸಮ್ ಹಾಕಿದರೆ ಸಲ್ಫೇಟ್ ಹೆಚ್ಚಿ ಕಹಿ ಚುರುಕಾಗುತ್ತದೆ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮಾಲ್ಟ್ ತುಂಬಿಕೊಂಡಂತೆ ಅನಿಸುತ್ತದೆ. ಗೋಲ್ಡನ್ ಏಲ್‌ಗೆ ಲೀಟರಿಗೆ 50 ಮಿಲಿಗ್ರಾಂ ಆದರೂ ಕ್ಯಾಲ್ಸಿಯಂ, ಕ್ಲೋರೈಡ್‌ನ ಎರಡರಷ್ಟು ಸಲ್ಫೇಟ್ ಇದ್ದರೆ ಕೊನೆಯ ರುಚಿ ಗರಿಗರಿಯಾಗಿ ಬರುತ್ತದೆ. ಆರ್‌ಓ ನೀರನ್ನು ಹಾಗೆಯೇ ಬಳಸಿದ ಬಿಯರ್ ಸಪ್ಪೆ.

ಎತ್ತರದ ವಿಷಯ: ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮೂರು ಡಿಗ್ರಿ ಏನು ಮಹಾ ಅನಿಸಬಹುದು, ಆದರೆ ಮೇಲೆ ಹೇಳಿದ ಡಿಎಂಎಸ್ ಹೊರಹೋಗುವ ಕ್ರಿಯೆ ಉಷ್ಣ ಇಳಿದಂತೆ ನಿಧಾನವಾಗುತ್ತದೆ. ಹಾಪ್ಸ್‌ನಿಂದ ಕಹಿ ಇಳಿಯುವುದೂ ಅಷ್ಟೇ. ಕರಾವಳಿಯ ಊರಿನಲ್ಲಿ 60 ನಿಮಿಷ ಕುದಿಸಿ ಸರಿಬಂದ ಪಾಕವನ್ನು ಇಲ್ಲಿ 75ರಿಂದ 90 ನಿಮಿಷ ಕುದಿಸುವುದು ಮೇಲು, ಹಾಪ್ಸ್ ಕೂಡ ತುಸು ಹೆಚ್ಚು ಬೇಕು. ವಿದೇಶದ ಪಾಕವನ್ನು ಅಕ್ಷರಶಃ ಅನುಸರಿಸಿದ ಗೋಲ್ಡನ್ ಏಲ್‌ನಲ್ಲಿ ಜೋಳದ ವಾಸನೆ ಬಂದರೆ ಇದೂ ಒಂದು ಕಾರಣ.

ಅರ್ಧ ಗ್ಲಾಸು ನೊರೆಯೇ ಬರುತ್ತದೆ. ಮೋಸ ಮಾಡುತ್ತಿದ್ದಾರೆಯೇ?

ಬಹುತೇಕ ಅಲ್ಲ. ಕೆಗ್ಗಿನಿಂದ (ಬಿಯರ್ ತುಂಬಿಡುವ ಲೋಹದ ಪೀಪಾಯಿಯಿಂದ) ಟ್ಯಾಪಿನವರೆಗಿನ ಪೈಪು ಬೆಚ್ಚಗಿದ್ದರೆ ದಾರಿಯಲ್ಲೇ ಗ್ಯಾಸ್ ಬಿಡುಗಡೆಯಾಗಿ ನೊರೆಯಾಗುತ್ತದೆ. ಮಧ್ಯಾಹ್ನದ ಮೊದಲ ಗ್ಲಾಸಿನಲ್ಲಿ ಇದು ಸಾಮಾನ್ಯ. ಒತ್ತಡದ ಲೆಕ್ಕ ತಪ್ಪಿದ್ದರೂ ಹೀಗೇ. 4 ಡಿಗ್ರಿಯಲ್ಲಿ ಒಂದು ಲೀಟರ್ ಬಿಯರ್‌ಗೆ ಎರಡೂವರೆ ಲೀಟರ್ ಕಾರ್ಬನ್ ಡೈಆಕ್ಸೈಡ್ ಉಳಿಯಲು ಸಮುದ್ರಮಟ್ಟದಲ್ಲಿ ಮೀಟರು 12 ಪಿಎಸ್‌ಐ ತೋರಿಸಿದರೆ ಸಾಕು. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚು ಬೇಕು, ಏಕೆಂದರೆ ಹೊರಗಿನ ಗಾಳಿಯ ಒತ್ತಡ ಇಲ್ಲಿ ಕಡಿಮೆ. ನೊರೆ ಪೂರ್ತಿ ಇಲ್ಲದ ಗ್ಲಾಸನ್ನೂ ಕೇಳಬೇಡಿ, ಘಮ ಏರುವುದು ನೊರೆಯಿಂದಲೇ. ಆದರೆ ಅಳತೆ ಗೆರೆಗಿಂತ ಬಿಯರ್ ಕೆಳಗಿದ್ದರೆ ತುಂಬಿಸಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಬಾಸ್ಮತಿ ಹಾಕಿದ ಬಿಯರ್ ಅನ್ನುತ್ತಾರಲ್ಲ, ಅದು ಜಾಹೀರಾತಿಗೋ ರುಚಿಗೋ?

ಟಾಯಿಟ್‌ನ ಬಾಸ್ಮತಿ ಬ್ಲಾಂಡ್‌ನಿಂದ ಈ ಮಾತು ಎಲ್ಲರಿಗೂ ಪರಿಚಿತ. ಅಕ್ಕಿ ಆಲ್ಕೊಹಾಲ್ ಕೊಡುತ್ತದೆ, ದಪ್ಪ ಕೊಡುವುದಿಲ್ಲ. ಆದ್ದರಿಂದ ಬಿಯರ್ ಹಗುರವಾಗಿ, ಗರಿಗರಿಯಾಗಿ ಮುಗಿಯುತ್ತದೆ. ನಮ್ಮ ಹವೆಗೆ ಇದು ಒಪ್ಪುತ್ತದೆ. ಅಕ್ಕಿಯನ್ನು ಹಾಗೆಯೇ ಮಾಲ್ಟ್ ಜೊತೆ 65 ಡಿಗ್ರಿಯ ಮ್ಯಾಶ್‌ಗೆ ಹಾಕಿದರೆ ಪಿಷ್ಟ ಬಿಚ್ಚಿಕೊಳ್ಳುವುದಿಲ್ಲ, ಮೊದಲೇ ಗಂಜಿ ಮಾಡಿ ಸೇರಿಸಬೇಕು. ಅವಲಕ್ಕಿಯಾದರೆ ಮೊದಲೇ ಬೆಂದು ಚಪ್ಪಟೆಯಾದದ್ದು, ನೇರವಾಗಿ ಹಾಕಬಹುದು. ಪ್ರಮಾಣ ಶೇ 20 ದಾಟಿದರೆ ಮಾಲ್ಟ್ ರುಚಿ ತೆಳುವಾಗಿ ನೊರೆಯೂ ಸೊರಗುತ್ತದೆ.

ಮಾಲ್ಟ್, ಹಾಪ್ಸ್ ನಮ್ಮವೇ?

ಬಾರ್ಲಿ ರಾಜಸ್ಥಾನ, ಹರಿಯಾಣ ಕಡೆ ಚೆನ್ನಾಗಿ ಬೆಳೆಯುತ್ತದೆ. ಆದರೂ ಕ್ರಾಫ್ಟ್ ಬ್ರೂವರಿಗಳು ಜರ್ಮನಿ, ಬೆಲ್ಜಿಯಂನ ಮಾಲ್ಟ್‌ಗಳನ್ನು ಬಹಳ ಬಳಸುತ್ತವೆ. ಹಾಪ್ಸ್ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುವುದುಂಟು, ಹೆಚ್ಚಿನದು ಹೊರದೇಶದ್ದೇ.

ಗೋಲ್ಡನ್ ಏಲ್ ಜೊತೆ ಏನು ತಿಂದರೆ ಚೆನ್ನ?

ಗ್ಯಾಸ್ ಮತ್ತು ಮೆಲುವಾದ ಕಹಿ ಎಣ್ಣೆಯ ಜಿಡ್ಡನ್ನು ಕಡಿಯುತ್ತವೆ. ಹಾಗಾಗಿ ಕರಿದದ್ದು ಚೆನ್ನಾಗಿ ಹೊಂದುತ್ತದೆ: ಅಂಜಲ್ ರವಾ ಫ್ರೈ, ಗೋಳಿಬಜೆ, ನಿಪ್ಪಟ್ಟು. ಹೆಸರುಬೇಳೆ ಕೋಸಂಬರಿಯ ನಿಂಬೆ-ತೆಂಗು ಹಾಪ್ಸ್‌ನ ನಿಂಬೆಗೆ ಜೊತೆಯಾಗುತ್ತದೆ, ಯಾರಾದರೂ ಮೆನುವಿನಲ್ಲಿ ಇಡಬೇಕಾದ ಜೋಡಿ. ಕಾಂಗ್ರೆಸ್ ಕಡಲೆಬೀಜ ಮಿತವಾಗಿ.

ಕುಂದಾಪುರದ ಕಡೆಯ ಚಿಕನ್ ಘೀ ರೋಸ್ಟ್‌ನ ಬ್ಯಾಡಗಿ ಖಾರಕ್ಕೆ ಈ ಬಿಯರ್ ನಿಲ್ಲುವುದಿಲ್ಲ. ಖಾರ ನಾಲಗೆಯಲ್ಲಿದ್ದಾಗ ಗ್ಯಾಸೂ ಕಹಿಯೂ ಅದರ ಉರಿ ಹೆಚ್ಚಿಸುತ್ತವೆ. ಅದಕ್ಕೆ ಮಾಲ್ಟ್ ಸಿಹಿ ಇರುವ ಆಂಬರ್ ಮೇಲು. ಸಿಹಿತಿಂಡಿಯ ಜೊತೆಯಂತೂ ಬೇಡ, ಮೈಸೂರು ಪಾಕಿನ ಎದುರು ಗೋಲ್ಡನ್ ಏಲ್ ಬರೀ ಕಹಿ ನೀರು.

ನಾಲಗೆಯನ್ನು ಪಳಗಿಸುವುದು ಹೇಗೆ?

ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಯಾವುದೆಂದು ಸುರಿದವರಿಗೆ ಮಾತ್ರ ಗೊತ್ತಿರಲಿ. ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲ ಸರಿ ಹೇಳಿದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಬೇರೆ ಬೇರೆ ದಿನ ಮಾಡಿ ನೋಡಿ.

ದೋಷಗಳನ್ನು ಕಲಿಯಲು ಹಸಿರು ಅಥವಾ ಬಿಳಿ ಬಾಟಲಿಯ ಲಾಗರ್ ಎರಡು ತನ್ನಿ. ಒಂದನ್ನು ಅರ್ಧ ಗಂಟೆ ಬಿಸಿಲಿನಲ್ಲಿಟ್ಟು, ಮತ್ತೆ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಇನ್ನೊಂದರ ಪಕ್ಕದಲ್ಲಿಟ್ಟು ಮೂಸಿ. ಬೆಳಕಿನ ಪೆಟ್ಟಿನ ವಾಸನೆ ಮುಂದೆಂದೂ ಮರೆಯುವುದಿಲ್ಲ. ಹಳಸಿದ ರುಚಿಗೆ, ಒಂದು ಬಾಟಲಿಯನ್ನು ಕತ್ತಲೆಯಲ್ಲಿ ಆದರೆ ಅಡುಗೆಮನೆಯ ಬಿಸಿಯಲ್ಲಿ ಕೆಲವು ವಾರ ಇಟ್ಟು ಹೊಸದರ ಜೊತೆ ಹೋಲಿಸಿ.

ಟಿಪ್ಪಣಿ ಬರೆಯುವಾಗ ಏನು ಬರೆಯಬೇಕು?

ದಿನಾಂಕ, ಬ್ರೂವರಿ, ಬೋರ್ಡಿನ ಸಂಖ್ಯೆಗಳು, ಕೆಗ್ ಯಾವಾಗ ತೆರೆದದ್ದು. ಆಮೇಲೆ ಕಂಡದ್ದು, ಮೂಸಿದ್ದು, ಬಾಯಲ್ಲಿ ಆದದ್ದು. ‘ಸೂಪರ್’, ‘ಓಕೆ’ ಎಂದು ಬರೆದರೆ ಮುಂದಿನ ತಿಂಗಳು ನಿಮಗೇ ಅರ್ಥವಾಗುವುದಿಲ್ಲ. ಹೀಗಿರಲಿ: ‘ತಿಳಿ ಹೊನ್ನು, ತೆಳು ಮಬ್ಬು, ಬೆಚ್ಚಗಾದಾಗ ತಿಳಿಯಾಯಿತು. ನೊರೆ ಕೊನೆಯವರೆಗೂ ನಿಂತಿತು. ಗಜನಿಂಬೆ ಸಿಪ್ಪೆ, ಮಾರಿ ಬಿಸ್ಕತ್ತು, ಹಿಂದೆ ಸಣ್ಣಗೆ ಬೆಣ್ಣೆ. ಕಹಿ ಮಧ್ಯಮ, ಬೇಗ ಹೋಯಿತು. ಒಗರಿಲ್ಲ. ಕೊನೆಯಲ್ಲಿ ಸಿಹಿ ತುಸು ಹೆಚ್ಚು.’ ನಮ್ಮ ಮನೆಯ ವಾಸನೆಗಳನ್ನೇ ಬಳಸಿ. ಎಂದೂ ತಿನ್ನದ ಗೂಸ್‌ಬೆರಿ ಹೆಸರು ಬರೆಯುವುದಕ್ಕಿಂತ ಹೇರಳೆಕಾಯಿ, ನೆಲ್ಲಿಕಾಯಿ ಎಂದರೆ ನಿಖರ.

ಮನೆಗೆ ಕಟ್ಟಿಸಿಕೊಂಡು ಹೋಗಬಹುದೇ?

ಅಬಕಾರಿ ನಿಯಮ ಬದಲಾಗುತ್ತಿರುತ್ತದೆ, ಹೋದ ಜಾಗದಲ್ಲೇ ಕೇಳಿ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ರಾಜ್ಯ ಸರ್ಕಾರ ಒಬ್ಬರಿಗೆ 2 ಲೀಟರ್‌ವರೆಗೆ ಕೊಡಲು ಅವಕಾಶ ಕೊಟ್ಟಿತ್ತು. ಸಿಗುವುದಾದರೆ ಗ್ರೌಲರ್ ಬಾಟಲಿ ಮೊದಲೇ ತಣ್ಣಗಿರಲಿ. ತಳ ಮುಟ್ಟುವ ಕೊಳವೆ ಇಟ್ಟು ತುಂಬಿಸಿ, ನೊರೆ ಉಕ್ಕಿ ಬಾಯಿಗೆ ಬಂದಾಗಲೇ ಮುಚ್ಚಳ ಹಾಕಬೇಕು, ಒಳಗೆ ಗಾಳಿ ಉಳಿಯಬಾರದು. ದಾರಿಯಲ್ಲಿ ಐಸ್ ಚೀಲ, ಮನೆಯಲ್ಲಿ ಫ್ರಿಜ್. ಎರಡು ಮೂರು ದಿನದೊಳಗೆ ಕುಡಿಯಿರಿ, ತೆರೆದರೆ ಅದೇ ದಿನ ಮುಗಿಸಿ.

ಮನೆಯಲ್ಲೇ ತಯಾರಿಸಬಹುದೇ?

ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬೇಡ.

ಹಗುರ ಬಿಯರ್ ಅಲ್ಲವೇ, ಒಂದು ಗ್ಲಾಸು ಕುಡಿದು ಗಾಡಿ ಓಡಿಸಬಹುದೇ?

ಬೇಡ. ಶೇ 4.8ರ ಬಿಯರ್ 330 ಮಿಲಿ ಕುಡಿದರೆ ಸುಮಾರು 12.5 ಗ್ರಾಂ ಶುದ್ಧ ಆಲ್ಕೊಹಾಲ್, 500 ಮಿಲಿಯ ಮಗ್ ಆದರೆ 19 ಗ್ರಾಂ. ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ. ಮೈತೂಕ ಕಡಿಮೆ ಇದ್ದವರು, ಹೊಟ್ಟೆ ಖಾಲಿ ಇದ್ದವರು ಒಂದೇ ಮಗ್ಗಿಗೆ ಅದನ್ನು ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೆಟ್ರೋ, ಆಟೊ, ಕ್ಯಾಬ್ ಮೊದಲೇ ಗೊತ್ತುಮಾಡಿಕೊಂಡು ಬನ್ನಿ. ಗರ್ಭಿಣಿಯರು, ಔಷಧ ತೆಗೆದುಕೊಳ್ಳುತ್ತಿರುವವರು ರುಚಿ ನೋಡುವ ನೆಪದಲ್ಲೂ ಬೇಡ.

ಬಿಯರ್‌ನಲ್ಲಿ ದೋಷ ಕಂಡರೆ ಹೇಳುವುದು ಹೇಗೆ? ಮುಜುಗರವಾಗುತ್ತದೆ.

ಮುಜುಗರ ಬೇಡ, ಹೇಳಲೇಬೇಕು. ಗಿರಾಕಿ ಸುಮ್ಮನೆ ಎದ್ದುಹೋದರೆ ಬ್ರೂವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಅರ್ಧ ಕುಡಿದು ಹೇಳಬೇಡಿ, ಒಂದೆರಡು ಗುಟುಕಿನಲ್ಲೇ ಕರೆಯಿರಿ. ಬಡಿಸುವವರನ್ನು ಗದರಿಸಿ ಪ್ರಯೋಜನವಿಲ್ಲ, ಅವರು ಮಾಡಿದ್ದಲ್ಲ. ‘ಅಣ್ಣಾ, ಇದರಲ್ಲಿ ಬೆಣ್ಣೆ ವಾಸನೆ ಬರ್ತಿದೆ, ಬೇರೆ ಗ್ಲಾಸಿನಲ್ಲಿ ಸ್ವಲ್ಪ ಹಾಕಿಕೊಡ್ತೀರಾ?’ ಎಂದು ಕೇಳಿ. ಗ್ಲಾಸಿನ ತಪ್ಪಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಎರಡನೆಯದರಲ್ಲೂ ಅದೇ ಇದ್ದರೆ ಬ್ರೂವರ್ ಇದ್ದಾರೆಯೇ, ಈ ಕೆಗ್ ಯಾವಾಗ ತೆರೆದದ್ದು ಎಂದು ವಿಚಾರಿಸಿ. ‘ಚೆನ್ನಾಗಿಲ್ಲ’ ಎನ್ನುವುದಕ್ಕಿಂತ ‘ಬೇಯಿಸಿದ ಜೋಳದ ವಾಸನೆ’ ಎಂದರೆ ಅವರು ಕುದಿತದ ಅವಧಿ ನೋಡುತ್ತಾರೆ, ‘ಟಿಂಚರ್’ ಎಂದರೆ ಫಿಲ್ಟರ್ ನೋಡುತ್ತಾರೆ, ‘ಹುಳಿ’ ಎಂದರೆ ಪೈಪು ಬಿಚ್ಚುತ್ತಾರೆ. ಕಹಿ ನಿಮ್ಮ ನಾಲಗೆಗೆ ಒಗ್ಗದಿದ್ದರೆ ಮಾತ್ರ ಅದು ದೋಷವಲ್ಲ, ಅದಕ್ಕೆ ವಾಪಸ್ ಕೊಡಬೇಡಿ. ಮುಂದಿನ ಸಲ ಸ್ಯಾಂಪ್ಲರ್ ಕೇಳಿ.